ಸೊನ್ನೆಯ ಜಾಗದಲ್ಲಿ ಮಾದಪ್ಪ

‘ಆ ಚಿತ್ರ ಇಟ್ಟವಳು ನಾನು’ ಎಂದು ಹೇಳಲು ಒಂದು ಉಸಿರು ಸಾಕಿತ್ತು. ಹುಣಸೂರಿನ ಒಂದು ಮದುವೆ ಬ್ಯೂರೋದಲ್ಲಿ, ನನ್ನ ತಂಗಿಯ ಕುರ್ಚಿಯ ಹಿಂದೆ ನಿಂತು, ಆ ಉಸಿರನ್ನು ನಾನು ನುಂಗಿಕೊಂಡೆ. ತಪ್ಪು ನನ್ನದು. ಬೈಗುಳ ತಿಂದವಳು ಅವಳು. ಬರೀ ಬೈಗುಳವಾಗಿದ್ದರೆ ಒಂದು ವಾರ ಅತ್ತು ಮರೆಯಬಹುದಿತ್ತು. ಆದರೆ ಅವಳು ಬದುಕಿನಲ್ಲಿ ಆಸೆಪಟ್ಟು ಕೇಳಿದ್ದು ಒಂದೇ, ಕಂಪ್ಯೂಟರಿನ ಮುಂದಿನ ಆ ಕುರ್ಚಿ. ನನ್ನ ಮೌನದಿಂದ ಅದು ಹೋಯಿತು.

ಇದನ್ನು ತಣ್ಣಗೆ ಕೂತು ಬರೆಯಲು ನನ್ನಿಂದ ಆಗುವುದಿಲ್ಲ. ಬರೆಯಲು ಹೊರಟರೆ ದುಃಖಕ್ಕಿಂತ ಮೊದಲು ಸಿಟ್ಟು ಬರುತ್ತದೆ. ಬ್ಯೂರೋದ ಯಜಮಾನರ ಮೇಲೆ, ಗಿರಣಿಯವರ ಮೇಲೆ, ನನ್ನ ಅಪ್ಪನ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ನನ್ನ ಮೇಲೆ. ಸಿಟ್ಟನ್ನು ಮಡಿಸಿ ಒಳಗಿಟ್ಟು ನಯವಾಗಿ ಬರೆಯುವಷ್ಟು ನಾನು ಓದಿದವಳಲ್ಲ. ಏಳನೇ ಕ್ಲಾಸಿಗೆ ನನ್ನ ಶಾಲೆ ಮುಗಿಯಿತು.

ನಮ್ಮೂರು ರಾವಂದೂರಿನ ಪಕ್ಕ. ಹೊಗೆಸೊಪ್ಪು ಬೆಳೆಯುವವರು ನಾವು. ಸೊಪ್ಪು ಮುರಿಯುವ ಕಾಲಕ್ಕೆ ಒಣಗಿಸುವ ಕಡ್ಡಿಗೆ ಎಲೆ ಕಟ್ಟಲು ಕೈ ಬೇಕೆಂದು ನನ್ನನ್ನು ಶಾಲೆ ಬಿಡಿಸಿದರು. ‘ಒಂದು ಬೆಳೆ ಆಗಲಿ, ಆಮೇಲೆ ಮತ್ತೆ ಹೋಗುವೆಯಂತೆ’ ಎಂದರು. ಆ ‘ಆಮೇಲೆ’ ಬರಲೇ ಇಲ್ಲ. ತಂಗಿ ನನಗಿಂತ ತುಂಬಾ ಚಿಕ್ಕವಳು. ಅವಳ ಕಾಲಕ್ಕೆ ಮನೆಯಲ್ಲಿ ಆಳುಕಾಳು ಇದ್ದರು, ಪಿಯುಸಿವರೆಗೆ ಓದಿದಳು. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅವಳ ಜಡೆ ಹೆಣೆದು, ಬುತ್ತಿ ಕಟ್ಟಿ ಬಸ್ಸಿಗೆ ಹತ್ತಿಸುತ್ತಿದ್ದವಳೂ ನಾನೇ.

ನನ್ನನ್ನು ಕೆ.ಆರ್. ನಗರದ ಕಡೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ತಂದು ಮನೆಯಲ್ಲಿ ಕೂರಿಸಿದ. ನಾನು ಬಟ್ಟೆ ಗಂಟು ಹಿಡಿದು ತವರಿಗೆ ಬಂದೆ. ತಪ್ಪು ಮಾಡಿದವನು ಅವನು, ತಲೆ ತಗ್ಗಿಸಿ ಬೀದಿಯಲ್ಲಿ ನಡೆಯಬೇಕಾದವಳು ನಾನು. ಇದು ಯಾವ ನ್ಯಾಯ ಎಂದು ಆಗಲೂ ಕೇಳಿದೆ, ಈಗಲೂ ಕೇಳುತ್ತೇನೆ. ಹೊಲಿಗೆ ಯಂತ್ರ ಹಾಕಿಕೊಂಡು ರವಿಕೆ ಹೊಲಿಯುತ್ತಾ ದಿನ ತಳ್ಳುತ್ತಿದ್ದೆ.

ಹಳ್ಳಿಗಳಿಗೆ ಇಂಟರ್ನೆಟ್ ಎಂಬ ಮಾತು ಇನ್ನೂ ಹೊಸದಾಗಿದ್ದ ಕಾಲ. ತಂಗಿ ಹುಣಸೂರಿನಲ್ಲಿ ಕಂಪ್ಯೂಟರ್ ಡಿಪ್ಲೊಮಾಗೆ ಸೇರಿದ್ದಳು. ಅಲ್ಲೇ ಒಬ್ಬರು ಮದುವೆ ಬ್ಯೂರೋ ಇಟ್ಟಿದ್ದರು. ಮೊದಲು ಛತ್ರಿ ಹಿಡಿದು ಊರೂರು ಸುತ್ತಿ ಸಂಬಂಧ ಕುದುರಿಸುತ್ತಿದ್ದ ಮನುಷ್ಯ. ಈಗ ಸಫಾರಿ ಹಾಕಿ, ಮೇಜಿನ ಮೇಲೆ ಕಂಪ್ಯೂಟರ್ ಇಟ್ಟು, ‘ನಮ್ಮಲ್ಲಿ ವಧುಗಳನ್ನು ನೆಟ್‌ನಲ್ಲಿ ನೋಡಬಹುದು’ ಎಂದು ಬೋರ್ಡು ಬರೆಸಿದ್ದರು. ಬೋರ್ಡು ಬರೆಸುವಾಗ ನೆಟ್‌ನಲ್ಲಿ ಏನೂ ಇರಲಿಲ್ಲ. ಕಲಿಯುತ್ತಲೇ ಅಲ್ಲಿ ಕೆಲಸಕ್ಕೆ ಸೇರಿ, ನೆಟ್‌ನ ಪುಟವನ್ನು ಮೊದಲ ಅಕ್ಷರದಿಂದ ಕೊನೆಯ ಚುಕ್ಕೆಯವರೆಗೆ ಕಟ್ಟಿದವಳು ನನ್ನ ತಂಗಿ.

ಅವಳು ತನ್ನ ಕೆಲಸವನ್ನು ನನಗೆ ಹೇಳುತ್ತಿದ್ದಳು. ಬೇರೆ ಯಾರೂ ಕೇಳುತ್ತಿರಲಿಲ್ಲ. ಒಂದು ಭಾನುವಾರ ಅಪ್ಪ ಅಂಗಳದಲ್ಲಿ ರಾಗಿ ಅಳೆಯುತ್ತಿದ್ದ. ನಾವಿಬ್ಬರೂ ಚೀಲದ ಬಾಯಿ ಹಿಡಿದಿದ್ದೆವು. ತಂಗಿ, ಕಂಪ್ಯೂಟರ್ ಸಾಲಿನಲ್ಲಿರುವುದನ್ನು ಸೊನ್ನೆಯಿಂದ ಎಣಿಸುತ್ತದೆ ಎಂದಳು. ನನಗೆ ನಗು ಬಂತು.

“ಸೊನ್ನೆ ಅಂದ್ರೆ ಏನೂ ಇಲ್ಲ ಅಂತ ತಾನೆ ಮೇಷ್ಟ್ರು ಯೋಳಿದ್ದು? ಏನೂ ಇಲ್ದಿರೋದ್ನ ಅದು ಯಂಗೆ ಎಣಿಸ್ತದೆ?”

“ಅಪ್ಪ ಈಗ ಮೊದಲ್ನೇ ಕೊಳಗ ಸುರಿವಾಗ ಏನಂದ?”

“ಲಾಭ ಅಂದ.”

“ಯಾಕ, ಒಂದು ಅನ್ಲಿಲ್ವಾ?”

“ರಾಗಿ ಅಳೆವಾಗ ಒಂದು ಅಂತಾರಾ ಯಾರಾದ್ರೂ? ಲಾಭ, ಎರಡು, ಮೂರು. ಅಂಗೇ ಅನ್ಬೇಕು.”

“ಅಷ್ಟೇ ಕಣಕ್ಕಾ. ನಾವು ಮೊದಲ್ನೇದ ಲಾಭ ಅಂತೀವಿ, ಅದು ಸೊನ್ನೆ ಅಂತದೆ. ಹೆಸರು ಬೇರೆ ಅಷ್ಟೇ, ಕೊಳಗದ ತುಂಬಾ ರಾಗಿ ಇದ್ದೇ ಅದೆ.”

ಅಪ್ಪ ಕೊಳಗ ಎತ್ತಿಹಿಡಿದು, “ನಿಮ್ಮ ಸೊನ್ನೆ ಮನೆ ಹಾಳಾಗ! ನಾಕಾಯ್ತೋ ಐದಾಯ್ತೋ ಮರ್ತೇ ಓಯ್ತಲ್ರವ್ವ!” ಎಂದು ಕೂಗಿದ. ಮೂವರೂ ನಕ್ಕೆವು. ರಾಗಿಯನ್ನು ಮತ್ತೆ ಮೊದಲಿನಿಂದ ಅಳೆದೆವು.

ತಂಗಿ ಹೇಳಿದ್ದು ಸರಿಯಾಗಿಯೇ ಇತ್ತು. ನಾನು ತಿಳಿದುಕೊಂಡದ್ದು ಮಾತ್ರ ಬೇರೆ. ಚಿಕ್ಕಂದಿನಿಂದ ನನ್ನ ತಲೆಯಲ್ಲಿ ಲಾಭ ಎಂದರೆ ದೇವರ ಕೊಳಗ. ದೇವರಿಗೆ ಬಿಟ್ಟ ಮೇಲೆ ನಮ್ಮ ಎಣಿಕೆ ಶುರು. ಹಾಗಾದರೆ ಕಂಪ್ಯೂಟರಿನ ಸೊನ್ನೆಯೂ ದೇವರಿಗೆಂದು ಬಿಟ್ಟ ಜಾಗ, ಖಾಲಿ ಮಣೆ ಎಂದುಕೊಂಡೆ. ಇದು ನನ್ನ ಬುದ್ಧಿ. ಇದರಿಂದಲೇ ಎಲ್ಲ ಆದದ್ದು.

ಒಂದು ದಿನ ದಾರ ಕೊಳ್ಳಲು ಹುಣಸೂರಿಗೆ ಹೋದಾಗ ಬ್ಯೂರೋಗೆ ಹೋಗಿ ಅವಳ ಪುಟವನ್ನು ನೋಡಿದೆ. ಮೇಲುಗಡೆ ಹೆಣ್ಣುಮಕ್ಕಳ ಸಣ್ಣ ಸಣ್ಣ ಫೋಟೋಗಳು ಸಾಲಾಗಿ. ಕೆಳಗೆ ಒಬ್ಬೊಬ್ಬರ ನಂಬರು. ನಂಬರಿನ ಮೇಲೆ ಒತ್ತಿದರೆ ಆ ಹುಡುಗಿಯ ಊರು, ಓದು, ಎತ್ತರ ಎಲ್ಲ ಬರುತ್ತಿತ್ತು. ಪಕ್ಕದಲ್ಲಿ ಅವಳ ಮುಖ ದೊಡ್ಡದಾಗಿ ಕಾಣುತ್ತಿತ್ತು.

“ಇದಕ್ಕೆಂಗೆ ಗೊತ್ತಾಯ್ತದೆ, ಯಾವ ಮುಖ ಯಾರ್ದು ಅಂತ?”

“ಮುಖ ಗಿಖ ಅದಕ್ಕೆ ಗೊತ್ತಿಲ್ಲ. ಪುಟದಲ್ಲಿರೋ ಚಿತ್ರನೆಲ್ಲ ಅದೇ ಒಟ್ಟು ಮಾಡಿ ಇಟ್ಕಂಡಿರ್ತದೆ. ಮೂರನೇ ನಂಬರ್ದು ಕೊಡು ಅಂದ್ರೆ ಕೊಡ್ತದೆ. ಒಟ್ಟು ಎಷ್ಟವೆ ಅಂದ್ರೆ ಯೋಳ್ತದೆ. ಇಲ್ದಿರೋ ನಂಬರ್ ಕೇಳಿದ್ರೆ ‘ಅನ್‌ಡಿಫೈನ್ಡ್’ ಅಂತದೆ. ಬೈಯಲ್ಲ, ಅಳಲ್ಲ. ಅಂತೋರು ಯಾರೂ ಇಲ್ಲ ಅಂತದೆ ಅಷ್ಟೇ.”

“ಸಾಲು ಅಂದ್ಯಲ್ಲ, ಇದೇನಾ?”

“ನಿಜವಾದ ಸಾಲಿಗೆ ಅರೇ ಅಂತಾರೆ. ಇದು ಅರೇ ಅಲ್ಲ, ಅರೇ ಥರದ್ದು. ಅರೇಗಾದ್ರೆ ಇನ್ನೊಂದು ಸೇರ್ಸು, ಇದ ತಗಿ, ತಿರುಗ್ಸಿ ಜೋಡ್ಸು ಅಂತ ಯೋಳಬೋದು. ಇದು ಅದ್ಯಾವ್ದೂ ಕೇಳಲ್ಲ. ನಂಬರ್‌ಗೆ ಮಾತ್ರ ಓಗೊಡ್ತದೆ.”

“ಅರೆಬರೆ ಅನ್ನು ಅಂಗಾದ್ರೆ.”

ತಂಗಿ ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಆ ಚಿತ್ರಗಳ ಗುಂಪಿಗೆ ನಾವಿಬ್ಬರೂ ಅರೆಬರೆ ಎಂದೇ ಹೆಸರಿಟ್ಟೆವು. ನನಗೆ ಆ ಅರೆಬರೆಯ ಮೇಲೆ ಒಂದು ಮಮತೆ ಬಂತು. ನಾನೂ ಅದೇ ಥರ ತಾನೆ? ಊಟದ ಎಲೆ ಎಣಿಸುವಾಗ ನಾನೂ ಒಂದು. ಕಳೆ ಕೀಳಲು, ಎಲೆ ಕಟ್ಟಲು ಕರೆದರೆ ಓಗೊಡುವವಳು. ಆದರೆ ಮನೆಯಲ್ಲಿ ಒಂದು ಮಾತು ಸೇರಿಸುವ, ಒಂದು ಮಾತು ತೆಗೆಯುವ ಅಧಿಕಾರ ಇಲ್ಲ. ಮನೆಮಗಳ ಥರದವಳು, ಮನೆಮಗಳಲ್ಲ.

ಪುಟ ತುಂಬಾ ಬೋಳಾಗಿ ಕಂಡಿತು. ಅಂಚಿಗೆ ನಾಲ್ಕು ಹೂವಾದರೂ ಹಾಕಬಾರದೇ ಎಂದೆ.

“ಹಾಕಂಗಿಲ್ಲ. ಹೂವಿನ ಚಿತ್ರ ಇಟ್ರೆ ಅದನ್ನೂ ಎಣಿಸ್ಕಂಬುಡ್ತದೆ ನಿನ್ನ ಅರೆಬರೆ. ಅದಕ್ಕೆ ಹೆಣ್ಯಾವ್ದು ಹೂವ್ಯಾವ್ದು ಗೊತ್ತಾ?”

ಇಷ್ಟು ಸ್ಪಷ್ಟವಾಗಿ ಹೇಳಿದ್ದಳು. ಕೇಳಿಸಿಕೊಂಡಿದ್ದೆ. ತಿಳಿಯದೆ ಮಾಡಿದೆ ಎಂದು ತಪ್ಪಿಸಿಕೊಳ್ಳಲು ಅವಳು ನನಗೆ ದಾರಿಯನ್ನೇ ಬಿಟ್ಟಿರಲಿಲ್ಲ.

ಆ ಪುಟಕ್ಕೆ ನನ್ನನ್ನೂ ಸೇರಿಸಿದ್ದು ಅವಳೇ. ನಾನು ಬೇಡವೆಂದು ಜಗಳವಾಡಿದೆ. “ಯಾವನೋ ಒಬ್ಬ ಬುಟ್ಟ ಅಂತ ನೀನು ಬದುಕನ್ನೇ ಬುಟ್ಬುಡ್ಬೇಕಾ?” ಎಂದು ಅವಳೂ ಜಗಳವಾಡಿದಳು. ಯಜಮಾನರನ್ನು ಕೇಳಿ ಒಪ್ಪಿಸಿ, ನನ್ನ ಫೋಟೋ ಹಾಕಿ, ವಿವರದಲ್ಲಿ ‘ಮರುಮದುವೆ’ ಎಂದು ಬರೆದಳು. ಕೊನೆಯಲ್ಲಿ ಹಾಕಿದರೆ ಜನ ಏನಾದರೂ ಅಂದಾರೆಂದು ನಡುವೆ ಹಾಕಿದಳು. ನನ್ನ ಹಿಂದಿನ ನಂಬರು ಮಿರ್ಲೆ ಕಡೆಯ ಅಕ್ಕಿ ಗಿರಣಿಯವರ ಮಗಳದು. ನೋಡಲು ಬೆಳದಿಂಗಳಂಥ ಹುಡುಗಿ. ನನ್ನ ಮುಂದಿನ ನಂಬರು ಬಿ.ಎಡ್. ಮಾಡಿದ ಒಬ್ಬ ಹುಡುಗಿಯದು.

ಡಿಪ್ಲೊಮಾ ಪರೀಕ್ಷೆಗೆ ತಂಗಿ ಮೈಸೂರಿಗೆ ಹೋಗಿ ನೆಂಟರ ಮನೆಯಲ್ಲಿ ಉಳಿಯಬೇಕಾಯಿತು. ಅಷ್ಟು ದಿನ ಬ್ಯೂರೋದಲ್ಲಿ ಫೋನ್ ಎತ್ತಲು ನನ್ನನ್ನು ಕೂರಿಸಿದಳು. ಯಾರದಾದರೂ ಸಂಬಂಧ ಕೂಡಿದರೆ ಅವರ ವಿವರದಲ್ಲಿ ‘ಕೂಡಿದೆ’ ಎಂದು ತಿದ್ದಿ, ಪುಟವನ್ನು ನೆಟ್‌ಗೆ ಕಳಿಸುವುದನ್ನು ಕಲಿಸಿಕೊಟ್ಟಳು. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿಕೊಂಡು ಓದುತ್ತಿದ್ದ ನನಗೆ ಆ ಕೆಲಸ ದೊಡ್ಡ ಪದವಿಯ ಹಾಗೆ ಅನಿಸಿತು. ಮೊದಲನೇ ನಂಬರಿನ ಹುಡುಗಿಗೆ ಸಂಬಂಧ ಕೂಡಿತ್ತು. ಅದನ್ನು ತಿದ್ದಿ ಕಳಿಸಿದೆ.

ಅದಾದ ಮೇಲೆ ಸುಮ್ಮನಿರಬೇಕಿತ್ತು. ಅದೇ ಕಂಪ್ಯೂಟರಿನಲ್ಲಿ ಯಜಮಾನರು ಲಗ್ನಪತ್ರಿಕೆಗೆಂದು ಇಟ್ಟುಕೊಂಡಿದ್ದ ದೇವರ ಚಿತ್ರಗಳಿದ್ದವು. ನಮ್ಮ ಮನೆದೇವರು ಮಾದಪ್ಪ ಹುಲಿ ಏರಿ ಕೂತಿದ್ದ. ಮನೆದೇವರಿಲ್ಲದ ಲಗ್ನಪತ್ರಿಕೆಯನ್ನು ನಮ್ಮ ಕಡೆ ಯಾರಾದರೂ ಕೈಯಲ್ಲಿ ಹಿಡಿಯುತ್ತಾರಾ? ಇಷ್ಟು ಹೆಣ್ಣುಮಕ್ಕಳ ಮದುವೆಯ ಪುಟ, ತಲೆಯ ಮೇಲೆ ದೇವರೇ ಇಲ್ಲ. ಅದಕ್ಕೇ ನನ್ನ ನಂಬರನ್ನು ಯಾರೂ ಕೇಳುತ್ತಿಲ್ಲ ಎಂದು ಮನಸ್ಸು ಹೇಳಿತು. ಹೂವು ಹಾಕಬೇಡ ಎಂದಿದ್ದಳು, ದೇವರು ಹೂವಲ್ಲವಲ್ಲ. ಸೊನ್ನೆಯ ಜಾಗ ಹೇಗೂ ಖಾಲಿ ಇದೆ. ಅಲ್ಲಿ ಮಾದಪ್ಪನನ್ನು ಕೂರಿಸಿದರೆ ಯಾರಿಗೇನು ನಷ್ಟ?

ಪುಟದ ಬರಹದಲ್ಲಿ ಒಂದು ಫೋಟೋಗೆಂದು ಬರೆದಿದ್ದ ಸಾಲನ್ನು ಹಾಗೇ ನಕಲು ಮಾಡಿ, ಎಲ್ಲಕ್ಕಿಂತ ಮೇಲೆ ಇಟ್ಟು, ಹೆಸರಿನ ಕಡೆ ಮಾದಪ್ಪನ ಚಿತ್ರದ ಹೆಸರನ್ನು ಒಂದೊಂದೇ ಅಕ್ಷರ ನೋಡಿ ಒತ್ತಿದೆ. ಪುಟದ ತಲೆಯ ಮೇಲೆ ಮಾದಪ್ಪ ಬಂದ. ಪರೀಕ್ಷೆ ಮಾಡಲು ಮೊದಲನೇ ನಂಬರಿನ ಮೇಲೆ ಒತ್ತಿದೆ. ಆ ಹುಡುಗಿಯ ಊರು, ಓದು, ಎತ್ತರ ಬಂದವು. ಪಕ್ಕದಲ್ಲಿ ದೊಡ್ಡದಾಗಿ ಹುಲಿಯ ಮೇಲೆ ಮಾದಪ್ಪ.

ತಿಳಿದವಳು ಯಾರಾದರೂ ಅಲ್ಲಿ ಬೆಚ್ಚುತ್ತಿದ್ದಳು. ನಾನು ಕೈ ಮುಗಿದೆ. ಒತ್ತಿದ ಮೊದಲ ಕಡೆಯೇ ಸ್ವಾಮಿ ಕಾಣಿಸಿಕೊಂಡ, ಇನ್ನು ಒಳ್ಳೆಯದಾಗುತ್ತದೆ ಎಂದುಕೊಂಡೆ. ಎರಡನೆಯದನ್ನು ಒತ್ತಿ ನೋಡಲೇ ಇಲ್ಲ. ಪುಟವನ್ನು ಕಳಿಸಿಬಿಟ್ಟೆ.

ಸೊನ್ನೆ ಖಾಲಿ ಮಣೆಯಾಗಿರಲಿಲ್ಲ, ಮೊದಲನೆಯವಳ ಜಾಗವೇ ಅದು. ಅಲ್ಲಿಂದ ಎಲ್ಲರ ಮುಖವೂ ಒಂದೊಂದು ಮನೆ ಮುಂದಕ್ಕೆ ಹೋಯಿತು. ಎರಡನೆಯವಳ ವಿವರಕ್ಕೆ ಮೊದಲನೆಯವಳ ಮುಖ, ಮೂರನೆಯವಳ ವಿವರಕ್ಕೆ ಎರಡನೆಯವಳ ಮುಖ. ಕೊನೆಯ ಹುಡುಗಿಯ ಮುಖ ಯಾವ ವಿವರದ ಪಕ್ಕದಲ್ಲೂ ಬರಲಿಲ್ಲ. ನನ್ನ ‘ಮರುಮದುವೆ’ಯ ಪಕ್ಕಕ್ಕೆ ಬಂದದ್ದು ಗಿರಣಿಯವರ ಮಗಳ ಮುಖ.

ನನಗೆ ಎಚ್ಚರಿಕೆಯೂ ಸಿಕ್ಕಿತ್ತು. ಎಚ್.ಡಿ. ಕೋಟೆ ಕಡೆಯಿಂದ ಒಬ್ಬ ಹೆಂಗಸು ಮಗನಿಗೆ ಹೆಣ್ಣು ಹುಡುಕಿಕೊಂಡು ಬಂದವಳು ನನ್ನನ್ನು ನೋಡಿ, “ಬಿ.ಎಡ್. ಮಾಡಿರೋ ಹುಡ್ಗಿ ನೀನೇ ಅಲ್ವೇನವ್ವ? ನಮ್ಮುಡ್ಗ ಮೈಸೂರಲ್ಲಿ ನೆಟ್‌ನಾಗೆ ನೋಡ್ದ. ಮೇಷ್ಟ್ರು ಕಳೆ ಅದೆ ಕಣವ್ವ ಮೊಖದಲ್ಲಿ” ಎಂದಳು. ಏನೋ ಗೊಂದಲವಾಗಿದೆ ಎಂದು ಅನುಮಾನ ಬರಬೇಕಿತ್ತು. ನಾನು ನಾಚಿ, ಅಲ್ಲ ಎಂದು ನಕ್ಕು, ಅವಳಿಗೆ ನೀರು ಕೊಟ್ಟು ಕಳಿಸಿದೆ. ಆ ದಿನವೆಲ್ಲ ಗಾಜಿನ ಬಾಗಿಲಿನಲ್ಲಿ ನನ್ನ ಮುಖ ನೋಡಿಕೊಳ್ಳುತ್ತಿದ್ದೆ. ಏಳನೇ ಕ್ಲಾಸಿಗೆ ಬಿಡಿಸಿದವಳ ಮುಖದಲ್ಲಿ ಮೇಷ್ಟ್ರ ಕಳೆ!

ತಂಗಿ ಪರೀಕ್ಷೆ ಮುಗಿಸಿ ಬಸ್ಸಿಳಿದು ನೇರ ಬ್ಯೂರೋಗೆ ಬಂದ ದಿನವೇ ಗಿರಣಿಯವರೂ ಬಂದರು. ಮಗಳಿಗೆ ಗೊತ್ತು ಮಾಡಿದ್ದ ಗಂಡಿನ ಕಡೆಯವರು ಪುಟವನ್ನು ನೋಡಿ, ‘ನಿಮ್ಮ ಮಗಳಿಗೆ ಮೊದಲೇ ಒಂದು ಮದುವೆ ಆಗಿತ್ತಂತಲ್ಲ’ ಎಂದು ಫೋನ್ ಮಾಡಿದ್ದರಂತೆ. ಗಿರಣಿಯವರು ಕೈಯಲ್ಲಿದ್ದ ಸ್ಕೂಟರ್ ಕೀಯಿಂದ ಮೇಜನ್ನು ಕುಟ್ಟುತ್ತಾ ಕೂಗಿದರು.

“ನಮ್ಮುಡ್ಗಿ ಮೊಖಕ್ಕೆ ಮರುಮದ್ವೆ ಅಂತ ಅಂಟಿಸಿದ್ದೀರಲ್ರೀ! ಮಾನ ಮರ್ವಾದೆ ಅದ್ಯೇನ್ರೀ ನಿಮಗೆ?”

ಯಜಮಾನರು ತಂಗಿಯ ಕಡೆ ತಿರುಗಿದರು. “ಏನಮ್ಮಾ ಇದು?”

ತಂಗಿ ಚೀಲವನ್ನೂ ಇಳಿಸದೆ ಕುರ್ಚಿಯಲ್ಲಿ ಕೂತಳು. ಪುಟವನ್ನು ತೆರೆದಳು. ತಲೆಯ ಮೇಲೆ ಮಾದಪ್ಪ. ಅವಳಿಗೆ ಎಲ್ಲ ತಿಳಿಯಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಕಾಗಲಿಲ್ಲ. ತಿರುಗಿ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ‘ಹೇಳಕ್ಕಾ’ ಎಂದು ಕಾಯುವ ನೋಟ.

ಅಷ್ಟರಲ್ಲಿ ಗಿರಣಿಯವರು ಆ ವಿವರ ಯಾರದೆಂದು ಯಜಮಾನರನ್ನು ಕೇಳಿ ತಿಳಿದುಕೊಂಡಿದ್ದರು. “ಓಹೋ! ಇದು ನಿಮ್ಮಕ್ಕಂದಾ? ಗೊತ್ತಾಯ್ತು ಬುಡು. ಗಂಡ ಬುಟ್ಟೋಳ್ನ ದಾಟಿಸಕ್ಕೆ ನಮ್ಮುಡ್ಗಿ ಮೊಖ ತೋರಿಸ್ತಾ ಇದ್ದೀಯಾ? ಎಂಥ ಕಿಲಾಡೀನೇ ನೀನು!”

ಆ ಮಾತು ನನ್ನ ಬಾಯಿ ಕಟ್ಟಿಹಾಕಿತು. ದಾಟಿಸುವುದು! ಸಂತೆಯಲ್ಲಿ ಕುಂಟು ಎತ್ತನ್ನು ದಾಟಿಸುತ್ತಾರಲ್ಲ, ಹಾಗೆ. ಆಗ ನಾನು ‘ಚಿತ್ರ ಇಟ್ಟವಳು ನಾನು’ ಎಂದಿದ್ದರೆ ಆ ಚೆಂದದ ಮುಖವನ್ನು ಕದ್ದವಳೂ ನಾನೇ ಆಗುತ್ತಿದ್ದೆ. ಅಷ್ಟು ಜನರ ಮುಂದೆ. ನಾನು ನೆಲ ನೋಡಿದೆ.

“ಈ ದೇವ್ರ ಚಿತ್ರ ಯಾವಾಗ ಬಂತಮ್ಮಾ ಇಲ್ಲಿ?” ಎಂದರು ಯಜಮಾನರು.

ತಂಗಿ ಇನ್ನೊಂದು ಗಳಿಗೆ ಕಾದಳು. ನನಗಾಗಿ. ಆಮೇಲೆ, “ಪರೀಕ್ಷೆಗೆ ಹೋಗೋ ಮುಂಚೆ ನಾನೇ ಇಟ್ಟಿದ್ದು ಸಾರ್. ಎಣಿಕೆ ತಪ್ಪಿತು. ಈಗಲೇ ಸರಿ ಮಾಡ್ತೀನಿ, ಒಂದೇ ನಿಮಿಷ” ಎಂದಳು.

ಆ ಒಂದು ನಿಮಿಷವನ್ನೂ ಅವಳಿಗೆ ಕೊಡಲಿಲ್ಲ. “ಏಳಮ್ಮಾ ಮೇಲೆ. ಮುಟ್ಬೇಡ ಅದನ್ನ” ಎಂದರು ಯಜಮಾನರು. ಅವಳು ಕಟ್ಟಿದ ಪುಟದಿಂದ, ಅವಳ ಕುರ್ಚಿಯಿಂದ, ಅವಳನ್ನೇ ಎಬ್ಬಿಸಿದರು. ಏನಾಯಿತು, ಹೇಗಾಯಿತು ಎಂದು ಒಬ್ಬರೂ ಕೇಳಲಿಲ್ಲ. ಗಂಡಸೊಬ್ಬ ಅದೇ ತಪ್ಪು ಮಾಡಿದ್ದರೆ ‘ಕಂಪ್ಯೂಟರ್ ಕೆಟ್ಟಿತು’ ಎನ್ನುತ್ತಿದ್ದರು. ಹೆಣ್ಣು ಮಾಡಿದರೆ ಹೆಣ್ಣೇ ಕೆಟ್ಟಳು. ಇನ್ನೊಂದು ಮಾತನ್ನೂ ಇಲ್ಲಿ ಹೇಳಿಬಿಡುತ್ತೇನೆ. ಗಿರಣಿಯವರ ಮಗಳಿಗೆ ಆದ ಅವಮಾನವಾದರೂ ಏನು? ನನ್ನಂಥವಳು ಎಂದು ಯಾರೋ ತಿಳಿದದ್ದು. ಅಷ್ಟೇ. ಅವಳು ಒಂದು ವಾರ ನಾನಾಗಿದ್ದಕ್ಕೆ ಊರು ಉರಿಯಿತು. ನಾನು ದಿನವೂ ನಾನಾಗಿ ಬದುಕುತ್ತಿದ್ದೇನೆ, ಅದಕ್ಕೆ ಯಾರ ಹೊಟ್ಟೆಯೂ ಉರಿಯಲಿಲ್ಲ.

ಊರಿಗೆ ಹೊರಟ ಪಿರಿಯಾಪಟ್ಟಣದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ತಂಗಿ ಕೇಳಿದಳು.

“ಮಾದಪ್ಪನ್ನ ಇಟ್ಟಾದ್ಮೇಲೆ ಮೊದಲ್ನೇ ನಂಬರ್ ಒತ್ತಿ ನೋಡ್ಲಿಲ್ವಾ?”

“ನೋಡ್ದೆ. ಮಾದಪ್ಪ ಬಂತು.”

“ಬಂದಾಗ ಏನನ್ನಿಸ್ತು?”

“ಒಳ್ಳೇದಾಯ್ತದೆ ಅನ್ನಿಸ್ತು.”

ಅವಳು ಜೋರಾಗಿ ನಕ್ಕಳು. ಮುಂದಿನ ಸೀಟಿನವರು ತಿರುಗಿ ನೋಡುವಷ್ಟು. ನಗುತ್ತಲೇ ಕಣ್ಣು ತುಂಬಿತು. “ಒಂದು ಕೂಡ್ಸಿದ್ರೆ ಮುಗಿದೋಗದು ಕಣಕ್ಕಾ. ಚಿತ್ರ ಕೇಳೋ ನಂಬರಿನ ಮುಂದೆ ಕೂಡು ಒಂದು. ಅಷ್ಟೇ ಅಷ್ಟು” ಎಂದಳು. ಊರು ಹತ್ತಿರ ಬಂದಾಗ, “ಅಪ್ಪಂಗೆ ಮಾತ್ರ ನೀನೇ ಯೋಳು. ನಾನು ಯೋಳಿದ್ರೆ ನಿನ್ ಮೇಲೆ ದೂರು ಯೋಳ್ದಂಗಾಯ್ತದೆ” ಎಂದಳು.

ಹೇಳುತ್ತೇನೆ ಎಂದೆ. ಹೇಳಲಿಲ್ಲ.

ಅಪ್ಪನಿಗೆ ಸುದ್ದಿ ಬೇರೆಯವರಿಂದ ತಲುಪಿತು, ಬಣ್ಣ ಕಟ್ಟಿಕೊಂಡು. “ನಾಳೆಯಿಂದ ಹುಣಸೂರು ಗಿಣಸೂರು ಬ್ಯಾಡ. ಎಲೆ ಕಟ್ಟಕ್ಕೆ ಕುಂತ್ಕೊ” ಎಂದ. ಅವಳು ಬೇರೆ ಕಡೆ ಕೆಲಸ ಕೇಳಲು ಹೋದಲ್ಲೆಲ್ಲ ಆ ಮಾತು ಅವಳಿಗಿಂತ ಮುಂಚೆಯೇ ಹೋಗಿ ಕೂತಿತ್ತು. ಆ ವರ್ಷ ಸೊಪ್ಪು ಕಟ್ಟುವಾಗ ಅವಳು ನನ್ನ ಎದುರಿಗೇ ಕೂರುತ್ತಿದ್ದಳು. ಎಲೆಯ ಅಂಟು ಹತ್ತಿ ಕಪ್ಪಾದ ಅವಳ ಬೆರಳುಗಳನ್ನು ನೋಡುತ್ತಾ ನಾನೂ ಎಲೆ ಕಟ್ಟಿದೆ. ನನ್ನನ್ನು ಶಾಲೆ ಬಿಡಿಸಿ ಕೂರಿಸಿದ ಅದೇ ಜಗಲಿ. ನನಗೆ ಅದನ್ನು ಮಾಡಿದವರನ್ನು ನಾನು ವರ್ಷಗಟ್ಟಲೆ ಬೈದುಕೊಂಡಿದ್ದೆ. ಅವಳಿಗೆ ಅದನ್ನು ಮಾಡಿದವಳು ನಾನು. ಮುಂದೆ ಅವಳನ್ನು ಸರಗೂರಿಗೆ ಕೊಟ್ಟರು.

ಅವಳ ಮದುವೆಯಾದ ಮೇಲೆ ಒಂದು ಸಲ ಹುಣಸೂರಿನ ಸೈಬರ್ ಅಂಗಡಿಯೊಂದರಲ್ಲಿ ಆ ಪುಟವನ್ನು ತೆಗೆಸಿ ನೋಡಿದೆ. ಅದೇ ಪುಟ. ಅವಳು ಜೋಡಿಸಿದ ಅದೇ ಸಾಲು, ಅದೇ ಬಣ್ಣ. ತಲೆಯ ಮೇಲೆ ಮಾದಪ್ಪನೂ ಹಾಗೇ ಇದ್ದ! ನಂಬರು ಒತ್ತಿದರೆ ಮುಖಗಳು ಸರಿಯಾಗಿ ಬರುತ್ತಿದ್ದವು. ಯಾರಿಂದಲೋ ಒಂದು ಕೂಡಿಸಿಕೊಂಡಿದ್ದರು. ಮೈ ಉರಿದುಹೋಯಿತು. ದೇವರು ಬೇಕಾಯಿತು, ಪುಟ ಬೇಕಾಯಿತು, ಒಂದು ಕೂಡಿಸಿದರೆ ತಪ್ಪು ಸರಿಹೋಗುತ್ತದೆ ಎಂಬುದೂ ತಿಳಿಯಿತು. ಅವಳು ಮಾತ್ರ ಬೇಡವಾದಳು. ಯಜಮಾನರ ಬಾಗಿಲಿಗೆ ಹೋಗಿ ಕೂಗಾಡಬೇಕೆಂದು ಎದ್ದೆ. ಬ್ಯೂರೋದ ಬಾಗಿಲಿನವರೆಗೂ ಹೋದೆ. ಅವರು ತಿರುಗಿ ‘ನೀನು ಅವತ್ತು ಅಲ್ಲೇ ಇದ್ದೆಯಲ್ಲ, ಏನು ಮಾಡುತ್ತಿದ್ದೆ’ ಎಂದು ಕೇಳಿದರೆ? ಹಾಗೇ ಬಸ್‌ಸ್ಟ್ಯಾಂಡಿಗೆ ಬಂದೆ.

ತಂಗಿಯ ಗಂಡ ಸರಗೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಒಳ್ಳೆಯವರೇ. ಆದರೆ ಹುಣಸೂರಿನ ಕಥೆ ಆ ಮನೆಗೂ ಹೋಗಿತ್ತು. ಅದನ್ನು ಅವರು ತಮಾಷೆಯ ಮಾತು ಮಾಡಿಕೊಂಡಿದ್ದರು. ಸಾರಿಗೆ ಉಪ್ಪು ಹೆಚ್ಚಾದರೆ, “ಎಣಿಕೆ ತಪ್ತಾ?” ಎನ್ನುತ್ತಿದ್ದರು. ಅವಳು ನಗುತ್ತಿದ್ದಳು. ಆ ನಗು ನನಗೆ ಗೊತ್ತು, ಬಸ್ಸಿನಲ್ಲಿ ನೋಡಿದ್ದೆ.

ಒಂದು ಹಬ್ಬಕ್ಕೆ ಅಪ್ಪನೂ ನಾನೂ ಅವಳ ಮನೆಗೆ ಹೋಗಿದ್ದೆವು. ಊಟಕ್ಕೆ ಕೂತಿದ್ದಾಗ ತಂಗಿಯ ಗಂಡ ಮಾತು ತೆಗೆದರು. ಅಲ್ಲೇ ಹತ್ತಿರದ ಶಾಲೆಯೊಂದಕ್ಕೆ ಕಂಪ್ಯೂಟರ್ ಬಂದಿವೆ, ಮಕ್ಕಳಿಗೆ ಕಲಿಸಲು ಡಿಪ್ಲೊಮಾ ಮಾಡಿದವರು ಬೇಕಂತೆ, ಇವಳನ್ನು ಕೇಳುತ್ತಿದ್ದಾರೆ ಎಂದರು. ತಂಗಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

“ನಾನು ಬ್ಯಾಡ ಅಂದ್ಬುಡವ ಅಂತಿದ್ದೀನಿ ಮಾವ. ಹುಣಸೂರಲ್ಲಿ ಆಗಿದ್ದೇ ಸಾಕು. ಇಲ್ಲಿ ಯಾರ್ದೋ ಮಕ್ಕಳ ಮಾರ್ಕ್ಸ್‌ನ ಇನ್ಯಾರ್ಗೋ ಹಾಕ್ಬುಟ್ರೆ ಊರೋರು ನಮ್ಮಂಗ್ಡಿಗೆ ಗೊಬ್ಬರಕ್ಕೆ ಬತ್ತಾರಾ?” ಎಂದು ನಕ್ಕರು.

“ಬ್ಯಾಡ ಬುಡಪ್ಪ, ಯಾಕ್ ಬೇಕು. ಆ ಕುರ್ಚಿ ಸವಾಸನೇ ಬ್ಯಾಡ” ಎಂದ ಅಪ್ಪ, ಮುದ್ದೆ ಮುರಿಯುತ್ತಾ.

ತಂಗಿ ಸೌಟನ್ನು ಪಾತ್ರೆಗೆ ಇಳಿಸಿದಳು. ಆಮೇಲೆ ನನ್ನನ್ನು ನೋಡಿದಳು. ಬ್ಯೂರೋದಲ್ಲಿ ಕುರ್ಚಿಯಿಂದ ತಿರುಗಿ ನೋಡಿದಳಲ್ಲ, ಅದೇ ನೋಟ. ಇಷ್ಟು ವರ್ಷದ ಮೇಲೂ ಕಾಯುತ್ತಿದ್ದಳು. ನಾನು ಎಲೆಯ ಮುಂದಿನಿಂದ ಎದ್ದು ನಿಂತೆ.

“ಅಪ್ಪಾ, ಇಬ್ರೂ ಕೇಳಿ. ಅವಳ ಎಣಿಕೆ ಯಾವತ್ತೂ ತಪ್ಪಿರ್ಲಿಲ್ಲ. ಆ ಮಾದಪ್ಪನ ಚಿತ್ರ ಇಟ್ಟೋಳು ನಾನು. ಅವಳು ಪರೀಕ್ಷೆಗೆ ಹೋಗಿದ್ದಾಗ, ಅವಳ್ನ ಕೇಳ್ದೆ, ನನಗೊಂದು ಗಂಡು ಸಿಕ್ಕಲಿ ಅಂತ ಇಟ್ಟೆ. ಚಿತ್ರ ಏನೂ ಇಡಬ್ಯಾಡ ಅಂತ ಮೊದಲೇ ಯೋಳಿದ್ಲು. ಅವರೆಲ್ಲ ಬಯ್ವಾಗ ನಾನಲ್ಲೇ ಇದ್ದೆ. ನನ್ನ ಉಳ್ಸಕ್ಕೆ ತಪ್ಪು ನಂದು ಅಂದ್ಲು.”

ಅಪ್ಪನ ಕೈಯಲ್ಲಿದ್ದ ಮುದ್ದೆಯ ತುತ್ತು ಕೈಯಲ್ಲೇ ಉಳಿಯಿತು. “ಏನವ್ವ ಹಿಂಗಂತೀಯಾ? ಇಷ್ಟ್ ವರ್ಷ ಬಾಯಲ್ಲಿ ಏ‌ನ್ ಇಟ್ಕಂಡಿದ್ದೆ?” ಎಂದ.

“ಮಾನ ಇಟ್ಕಂಡಿದ್ದೆ ಕಣಪ್ಪ. ಇವಳದ್ದು ತಗಂಡು ನಂದು ಅಂತ ಇಟ್ಕಂಡಿದ್ದೆ.”

ತಂಗಿಯ ಗಂಡ ಅವಳ ಕಡೆ ತಿರುಗಿ, “ಹೌದೇನೇ?” ಎಂದರು. ಈಗ ಅವರು ನಗುತ್ತಿರಲಿಲ್ಲ. ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು. ನಾನು ಹೋಗಿ ಅವಳ ಎರಡೂ ಕೈ ಹಿಡಿದುಕೊಂಡೆ.

“ಆ ಕುರ್ಚೀಲಿ ನೀನು ಕುಂತ್ಕಬೇಕು ಕಣವ್ವ. ನಾಳೇನೇ ಹೋಗಿ ಕುಂತ್ಕೊ. ಯಾರಾದ್ರೂ ಏನಾರ ಅಂದ್ರೆ ನನ್ನ ಕರಿ, ನಾನು ಬಂದು ಎಲ್ಲರ ಮುಂದೆ ಯೋಳ್ತೀನಿ. ನಾನು ತಪ್ಪು ಮಾಡ್ದೆ. ತಪ್ಪು ಮಾಡಿದ್ಕಿಂತ ದೊಡ್ಡ ತಪ್ಪು, ನೀನು ತಿರುಗಿ ನೋಡ್ದಾಗ ನಾನು ನೆಲ ನೋಡ್ದೆ. ನನ್ನ ಕ್ಷಮಿಸ್ಬುಡು ಕಣವ್ವ.”